ಭಾನುವಾರದ ಸಭೆ: ಭ್ರಮೆ ಇರುವವರ ಜೊತೆ ಮಾತು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 10:30ಕ್ಕೆ ಕುವೆಂಪುನಗರದ ಮಾಮೂಲಿ ಜಾಗದಲ್ಲೇ ಮಾನಸಿಕ ಕಾಯಿಲೆ ಇರುವವರ ಮನೆಯವರ ಸಭೆ. ಈ ಸಲ ಮಾತು ಭ್ರಮೆಯ ಬಗ್ಗೆ: "ಅನ್ನಕ್ಕೆ ವಿಷ ಹಾಕ್ತಿದ್ದಾರೆ", "ಟೀವಿಯಲ್ಲಿ ನನ್ನ ವಿಷಯವೇ ಬರ್ತಿದೆ" ಅನ್ನೋ ಥರದ್ದು. ಇದು ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಯಲ್ಲಿ ಅಷ್ಟೇ ಅಲ್ಲ, ತೀವ್ರ ಖಿನ್ನತೆಯಲ್ಲೂ ಬರಬಹುದು.

ಅಲ್ಲೀತನಕ ವಾದಕ್ಕೆ ಇಳಿಯಬೇಡಿ. ಸಾಕ್ಷಿ ತೋರಿಸಿದರೂ ನಂಬಿಕೆ ಸಡಿಲಾಗಲ್ಲ, ಜಗಳ ಉಳಿಯುತ್ತೆ. ಹಾಗಂತ ಹೂಂಗುಟ್ಟೋದೂ ಬೇಡ. "ನಿನಗೆ ಭಯ ಆಗ್ತಿದೆ ಅಲ್ವಾ" ಅಂದರೆ ಸಾಕು. ಮಾತ್ರೆಯನ್ನು ಸಾರಿನಲ್ಲಿ ಕದ್ದು ಬೆರೆಸೋದಂತೂ ಬೇಡವೇ ಬೇಡ (ಗೊತ್ತಾದ ದಿನ ವಿಷದ ಅನುಮಾನಕ್ಕೆ ನಾವೇ ಸಾಕ್ಷಿ ಕೊಟ್ಟಂತೆ!). ಮಾತ್ರೆ ಬಿಟ್ಟಿದ್ದರೆ ಡಾಕ್ಟರಿಗೆ ತಿಳಿಸಿ.

ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಾಪಾಯ ಇದ್ದರೆ 112.

ಬರೋರು ಶುಕ್ರವಾರದೊಳಗೆ ಇಲ್ಲಿ ತಿಳಿಸಿ. ರೋಗಿಯ ಹೆಸರು, ಫೋಟೋ ಗುಂಪಿಗೆ ಹಾಕಬೇಡಿ.