ನನಗೇ ಕೇಳಿಸದಿದ್ರೆ?

ಹನುಮಂತನಗರ, ಬೆಂಗಳೂರು
ಭಾನುವಾರ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಬುಧವಾರ ಬಂತು. ಮೈಸೂರಿನ ಸುದ್ದಿ, ಹಾಸ್ಟೆಲ್ ಊಟ, ಪರೀಕ್ಷೆ ಎಲ್ಲಾ ಓದಿದೆ. ಕೊನೆಯಲ್ಲಿ ಬರೆದಿದ್ದೀಯಲ್ಲ, 'ಶನಿವಾರ ನಾವು ನುಡಿಸೋ ಇಂದಿರಾನಗರದ ಆ ಜಾಗದಲ್ಲಿ ಬೇಸ್ ಗಿಟಾರ್‌ಗೆ ಆಂಪ್ಲಿಫೈಯರ್ ಇಡೋ ಹಾಗಿಲ್ಲವಂತೆ ಮಾವ, ನೇರ ಸೌಂಡ್ ಮಿಕ್ಸರ್‌ಗೇ ಚುಚ್ಚಬೇಕಂತೆ. ನಾನು ನುಡಿಸೋದು ನನಗೇ ಕೇಳಿಸದಿದ್ರೆ?' ಅಂತ. ಆ ಸಾಲು ನಾಲ್ಕು ದಿನದಿಂದ ತಲೆಯಲ್ಲಿ ಕೂತಿದೆ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೇಳೋದು ನನಗೆ ಅರ್ಧ ಕೇಳುತ್ತೆ, ಇನ್ನರ್ಧಕ್ಕೆ ಸುಮ್ನೆ ಹೂಂ ಅನ್ನುತ್ತೇನೆ.

ನಾನು ಆರ್ಕೆಸ್ಟ್ರಾ ಸೇರಿದ್ದು, ತಾತ ಬೈದದ್ದು, ಗಿಟಾರ್ ಮಾರಿದ್ದು, ಇದೆಲ್ಲ ನಿಮ್ಮಮ್ಮ ಹತ್ತು ಸಲ ಹೇಳಿರ್ತಾಳೆ. ಬಿಡು. ನಿಮ್ಮಮ್ಮನಿಗೂ ಗೊತ್ತಿಲ್ಲದ್ದು ಒಂದಿದೆ.

1987. ಚಾಮರಾಜಪೇಟೆ ಕಡೆಯ ಒಂದು ಗಣೇಶನ ಪೆಂಡಾಲು. ರಾತ್ರಿ 10ಕ್ಕೆ ಮೈಕ್ ನಿಲ್ಲಿಸಬೇಕು ಅನ್ನೋ ನಿಯಮ ಬಂದದ್ದು 2000ದಲ್ಲಿ. ಆಗ ನಡುರಾತ್ರಿವರೆಗೂ ಹಾಡು ನಡೀತಿತ್ತು. ಸೌಂಡಿನ ಹುಡುಗ ಎಸ್.ಪಿ. ರೋಡಿನಲ್ಲಿ ಸಾಮಾನು ತಂದು ತಾನೇ ಒಂದು ತಗಡಿನ ಡಬ್ಬಿ ಮಾಡಿಕೊಂಡು ಬಂದಿದ್ದ. ನನ್ನ ವೈರು ಆ ಡಬ್ಬಿಗೆ ಹೋಗಿ, ಅಲ್ಲಿಂದ ಒಂದು ಕವಲು ಆಂಪಿಗೆ, ಇನ್ನೊಂದು ಮಿಕ್ಸರ್‌ಗೆ. ನೀವೀಗ ಡಿಐ ಬಾಕ್ಸ್ ಅಂತೀರಲ್ಲ, ಅದೇ. ನನಗೆ ಆ ಡಬ್ಬಿ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ನನ್ನ ನಂಬಿಕೆಯೆಲ್ಲ ಬೆನ್ನ ಹಿಂದಿನ ಆಂಪಿನ ಮೇಲೆ. ಅದು ಗುಡುಗಿದರೆ ಪ್ಯಾಂಟಿನ ಕಾಲು ಅದುರುತ್ತಿತ್ತು. ಅದುರಿದರೆ ನುಡಿಸುತ್ತಿದ್ದೇನೆ ಅಂತ ಅರ್ಥ.

ಮೂರನೇ ಹಾಡಿನಲ್ಲಿ ಕರೆಂಟು ಎದ್ದು ಬಿದ್ದು ಆಂಪಿನ ಫ್ಯೂಸ್ ಹೋಯಿತು. ಪ್ಯಾಂಟಿನ ಕಾಲು ನಿಂತಿತು. ಏನೂ ಕೇಳಿಸಲಿಲ್ಲ ಪುಟ್ಟಿ. ನಾನು ಏನು ಮಾಡಿದೆ ಗೊತ್ತಾ? ತಂತಿ ಮುಟ್ಟದೆ ಬೆರಳು ಮಾತ್ರ ಆಡಿಸಿದೆ. ತಲೆ ಬೇರೆ ಕುಣಿಸಿದೆ. ಎರಡು ಹಾಡು ಪೂರ್ತಿ ಹಾಗೇ. ಕೆಳಗಿಳಿದಾಗ ಆ ಹುಡುಗ, 'ಯಾಕಣ್ಣ ನಿಲ್ಲಿಸಿಬಿಟ್ರಿ? ಹೊರಗಡೆ ಚೆನ್ನಾಗಿ ಬರ್ತಿತ್ತಲ್ಲ' ಅಂದ.

ತಾತ ನನ್ನ ಕಾರ್ಯಕ್ರಮಕ್ಕೆ ಬಂದದ್ದು ಅದೊಂದೇ ರಾತ್ರಿ. ಹಿಂದುಗಡೆ ಕಡಲೆಕಾಯಿ ಪೊಟ್ಟಣ ಹಿಡಿದು ನಿಂತಿದ್ದರು. ಬೇಸ್ ಅಂದರೆ ಏನು, ಅದರಲ್ಲಿ ಯಾಕೆ ನಾಲ್ಕೇ ತಂತಿ, ಒಂದೂ ಅವರಿಗೆ ಗೊತ್ತಿಲ್ಲ. ಮನೆಗೆ ನಡೆದು ಬರುವಾಗ ಹೇಳಿದರು, 'ಮಧ್ಯೆ ಎರಡು ಹಾಡು ಯಾಕೋ ಖಾಲಿ ಖಾಲಿ ಅನ್ನಿಸ್ತಲ್ಲೋ.' ನಾನು ಕರೆಂಟು ಹೋಗಿತ್ತಪ್ಪ ಅಂದೆ.

ನಿನ್ನ ಸಾಲು ಓದಿದಾಗಿನಿಂದ ಆ ಮಾತೇ ಕಿವಿಯಲ್ಲಿದೆ.

ಇರಲಿ. ನಿನಗೆ ಯಾಕೆ ಕೇಳಿಸಲ್ಲ ಅಂದರೆ, ದಪ್ಪ ತಂತಿಯ ಇ ಸ್ವರ 41 ಹರ್ಟ್ಸ್. ಅದರ ಒಂದೊಂದು ಅಲೆ 8 ಮೀಟರಿಗೂ ಉದ್ದ. ನಿಮ್ಮ ಸ್ಟೇಜೇ ಅಷ್ಟಗಲ ಇರುತ್ತೋ ಇಲ್ವೋ. ದೊಡ್ಡ ಸ್ಪೀಕರುಗಳು ಜನರ ಕಡೆ ಮುಖ ಮಾಡಿರುತ್ತವೆ. ಹಿಂದಕ್ಕೆ, ನಿನ್ನ ಕಡೆಗೆ, ಬರೋದು ಬರೀ ಗುಂ ಅನ್ನೋ ತಳದ ಸದ್ದು. ಬೆರಳು ತಂತಿಗೆ ತಾಗಿದ ಆ ಅಂಚು ಬರಲ್ಲ. ಅದಕ್ಕೇ ಕಾಲ ಬುಡದ ಮಾನಿಟರ್ ಸ್ಪೀಕರಿನಲ್ಲಿ 'ಬೇಸ್ ಜಾಸ್ತಿ ಮಾಡಿ' ಅನ್ನಬೇಡ. ತಳ ಇಳಿಸಿ, ನಡುವಿನ ದನಿ ಏರಿಸಿ ಅನ್ನು. ಎಷ್ಟೋ ಸಲ ಅಷ್ಟೇ ಸಾಕಾಗುತ್ತೆ. ಗುಂಯ್ ಅಂತ ಹಮ್ ಬಂದರೆ ಡಿಐ ಡಬ್ಬಿಯ ಮೇಲೆ ಗ್ರೌಂಡ್ ಲಿಫ್ಟ್ ಅಂತ ಸಣ್ಣ ಸ್ವಿಚ್ ಇರುತ್ತೆ, ಒತ್ತಿಸು. ಇದೆಲ್ಲ ನಿನಗೆ ಗೊತ್ತಿರಬಹುದು. ನಲವತ್ತು ವರ್ಷ ಹಳೆಯವನ ಬುದ್ಧಿವಾದ, ಬೇಡವಾದರೆ ಬಿಡು.

ಆಂಪ್ ಇಲ್ಲ ಅನ್ನೋದು ಅವಮಾನ ಅಂತ ಮಾತ್ರ ಅಂದುಕೊಳ್ಳಬೇಡ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಜೇಮ್ಸ್ ಜೇಮರ್‌ಸನ್ 60ರ ದಶಕದಲ್ಲಿ ಬೇಸನ್ನು ನೇರ ರೆಕಾರ್ಡಿಂಗ್ ಮೇಜಿಗೇ ಚುಚ್ಚಿ ನುಡಿಸಿದವರು. ಸ್ಟುಡಿಯೋ ಬೇರೆ, ಸ್ಟೇಜ್ ಬೇರೆ, ಒಪ್ಪುತ್ತೇನೆ. ನಮ್ಮ ಚೌಡಯ್ಯನವರನ್ನು ನೋಡು. ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಹಾಕಿದರು, ಮೈಕಿಲ್ಲದ ಕಾಲದಲ್ಲಿ ಕೊನೇ ಸಾಲಿನವರಿಗೂ ಕೇಳಲಿ ಅಂತ. ಅವರ ಚಿಂತೆ ಕೊನೇ ಸಾಲಿನದು. ನನ್ನ ಚಿಂತೆ ನನ್ನ ಪ್ಯಾಂಟಿನದು.

ಕೇಳಿಸದಿದ್ದಾಗ ಬೆರಳು ತಾನಾಗಿ ಜೋರಾಗುತ್ತೆ. ಅದೇ ಮೊದಲ ತಪ್ಪು. ಹೊಡೆದಷ್ಟೂ ಸ್ವರ ಸ್ವಲ್ಪ ಮೇಲೇರುತ್ತೆ, ತಾಳ ಓಡುತ್ತೆ, ಎರಡನೇ ಹಾಡಿಗೆ ಬೆರಳಲ್ಲಿ ಬೊಬ್ಬೆ. ಮನೆಯಲ್ಲಿ ಎಷ್ಟು ಮೆತ್ತಗೆ ನುಡಿಸ್ತೀಯೋ ಅಷ್ಟೇ ನುಡಿಸು. ಡ್ರಮ್ಮಿನ ಹುಡುಗನ ಪಕ್ಕ, ದೊಡ್ಡ ಡ್ರಮ್ ಬಾರಿಸೋ ಅವನ ಬಲಗಾಲು ಕಾಣೋ ಹಾಗೆ ನಿಲ್ಲು. ಇನ್ನೊಂದು, ನಗಬೇಡ. ತಾತ ಮಲಗಿದ ಮೇಲೆ ನಾನು ವೈರು ಹಾಕದೆ ಅಭ್ಯಾಸ ಮಾಡುತ್ತಿದ್ದೆ. ಗಿಟಾರಿನ ಮೇಲಿನ ಕೊಂಬಿಗೆ ದವಡೆ ಒತ್ತಿದರೆ ಮೂಳೆಯೊಳಗೇ ಸ್ವರ ಬರುತ್ತೆ. ಪಕ್ಕದಲ್ಲಿ ಮಲಗಿದ ನಿಮ್ಮಮ್ಮನಿಗೂ ಕೇಳುತ್ತಿರಲಿಲ್ಲ. ಇಷ್ಟು ಗೊತ್ತಿದ್ದೂ ಆ ರಾತ್ರಿ ನನಗೆ ನೆನಪಾಗಲಿಲ್ಲ ನೋಡು.

ಆ ರಾತ್ರಿ ಆದಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಸಾಲ ಮಾಡಿ ದೊಡ್ಡ ಆಂಪ್ ತಗೊಂಡೆ. ಇನ್ನು ಕೇಳಿಸದೇ ಇರೋ ಪ್ರಶ್ನೆಯೇ ಇಲ್ಲ ಅಂತ. ನಾನು ಏರಿಸಿದರೆ ಡ್ರಮ್ಮಿನವನು ಏರಿಸಿದ, ಅವನು ಏರಿಸಿದರೆ ಕೀಬೋರ್ಡಿನವನು. ಆರು ವರ್ಷ ಹೀಗೇ. ಈಗ ನಿಮ್ಮತ್ತೆ ಹಾಲಿನಿಂದ ಕುಕ್ಕರ್ ಎಷ್ಟು ಕೂಗ್ತು ಅಂತ ಕೇಳುತ್ತಾಳೆ. ನಾನು ಅದರ ಪಕ್ಕದಲ್ಲೇ ನಿಂತಿರುತ್ತೇನೆ. ನನಗೆ ಗೊತ್ತಿರಲ್ಲ. ಕಿವಿ ಡಾಕ್ಟರು ಹೇಳಿದ ಲೆಕ್ಕ ಇಷ್ಟು: ಸದ್ದು 85 ಡೆಸಿಬೆಲ್ ಆದರೆ ಕಿವಿ ತಡೆಯೋದು ದಿನಕ್ಕೆ 8 ಗಂಟೆ, 88 ಆದರೆ 4 ಗಂಟೆ. ಮೂರು ಏರಿದಾಗೆಲ್ಲ ಹೊತ್ತು ಅರ್ಧ. ನಾವು ಎಷ್ಟರಲ್ಲಿದ್ದೆವೋ ದೇವರೇ ಬಲ್ಲ.

ಹಾಗಾಗಿ ಅವರು ಕಿವಿಗೆ ಹಾಕೋ ಮಾನಿಟರ್ ಕೊಟ್ಟರೆ ಎರಡೂ ಕಿವಿಗೆ ಹಾಕು. ಜನರ ಚಪ್ಪಾಳೆ ಕೇಳಲಿ ಅಂತ ಒಂದನ್ನು ತೆಗೆದೆ ಅಂದರೆ ಇನ್ನೊಂದರಲ್ಲಿ ಜೋರು ಮಾಡಿಕೊಳ್ಳುತ್ತೀಯ. ನೀನು ಮಾಡುತ್ತೀಯ, ನನ್ನ ಸೋದರಸೊಸೆ ನೀನು.

ಅಷ್ಟೆಲ್ಲ ಮಾಡಿಯೂ ಕೇಳಿಸದೇ ಹೋಗಬಹುದು. ಸುಳ್ಳು ಹೇಳಲ್ಲ. ಆಗಲೂ ತಂತಿಯಿಂದ ಬೆರಳು ತೆಗೆಯಬೇಡ.

ನಾನು ಶನಿವಾರ ಬರುತ್ತೇನೆ. ಆ ವಯಸ್ಸಿನವರ ಮಧ್ಯೆ ಮುಂದೆ ಕೂರೋಕೆ ಸಂಕೋಚ, ಹಿಂದೆ ಗೋಡೆ ಪಕ್ಕ ನಿಂತಿರುತ್ತೇನೆ. ನನ್ನ ಕಿವಿಯಲ್ಲಿ ಹೋಗಿರೋದು ಮೇಲಿನ ಸ್ವರಗಳು, ತಳದವು ಇನ್ನೂ ಇವೆ. ನೀನು ನಿಲ್ಲಿಸಿದರೆ ನನಗೆ ಗೊತ್ತಾಗುತ್ತೆ.

ನಿನ್ನ ಬೇಸ್‌ಗೆ 9 ವೋಲ್ಟಿನ ಬ್ಯಾಟರಿ ಬೇಕಲ್ವಾ? ಎರಡು ಹೊಸದು ತಂದಿಟ್ಟಿದ್ದೇನೆ. ಮೆಜೆಸ್ಟಿಕ್‌ವರೆಗೂ ಹೋಗಬೇಡ, ಸ್ಯಾಟಲೈಟ್ ಬಸ್ ನಿಲ್ದಾಣದಲ್ಲೇ ಇಳಿ, ಅಲ್ಲೇ ಕಾಯುತ್ತಿರುತ್ತೇನೆ. ಕೆಂಗೇರಿ ದಾಟಿದ ಮೇಲೆ ಮೆಸೇಜ್ ಹಾಕು. ಫೋನ್ ಮಾಡಬೇಡ.

ಇಂತಿ,
ನಿನ್ನ ಮಾವ