ಬಾಡಿದ ಎಲೆ ನೋಡಿ ನೀರು ಸುರೀಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತು ಅಂದ್ರೆ ಸಾಕು, ಕೈತೋಟದ ಟಿಪ್ಸ್ ಕೊಡೋರದ್ದೆಲ್ಲ ಒಂದೇ ರಾಗ, ಬೆಳಗ್ಗೆ ಸಂಜೆ ಎರಡು ಹೊತ್ತೂ ನೀರು ಚಿಮುಕಿಸಿ, ಗಿಡ ಬಾಡಿದ್ರೆ ಇನ್ನೊಂದು ಸಲ ಹಾಕಿ. ನಿಮ್ಮ ಪುರವಣಿಯಲ್ಲೂ ಅದೇ ಬಂದಿತ್ತು, ಅದಕ್ಕೇ ಈ ಪತ್ರ. ಈ ಮಾತು ನಂಬ್ಕೊಂಡು ನಾನು ಎರಡು ಬೇಸಿಗೆ ಟೊಮೆಟೊ ಗಿಡಗಳನ್ನ ಕಳ್ಕೊಂಡೆ, ಒಂದು ದಿನಾನೂ ನೀರು ತಪ್ಪಿಸಿರ್ಲಿಲ್ಲ ಮತ್ತೆ!

ಒಣಗಿದ ಗಿಡ ಕಿತ್ತು ನೋಡಿದಾಗ್ಲೇ ನಂಗೆ ವಿಷಯ ಗೊತ್ತಾಗಿದ್ದು. ಮೇಲಿನ ಒಂದಿಂಚು ಮಣ್ಣು ಹಸಿ, ಅದರ ಕೆಳಗೆ ಬರೀ ಧೂಳು, ಬೇರುಗಳೆಲ್ಲ ಕೆಳಗೆ ಇಳೀದೆ ಆ ಒಂದಿಂಚಲ್ಲೇ ಚಾಪೆ ಹಾಸಿದ ಹಾಗೆ ಹರಡಿಕೊಂಡಿತ್ತು. ಇಳಿಯೋದಾದ್ರೂ ಯಾಕೆ, ನೀರು ಸಿಗ್ತಿದ್ದಿದ್ದೇ ಮೇಲೆ ತಾನೆ. ಬಿಸಿಲು ಜೋರಾದ ದಿನ ಮೊದಲು ಕಾಯೋದೂ ಆ ಮೇಲಿನ ಪದರವೇ.

ಒಂದು ಚದರ ಮೀಟರ್ ಪಾತಿಗೆ 1 ಲೀಟರ್ ನೀರು ಹಾಕಿದ್ರೆ ಅದು ಬರೀ 1 ಮಿಲಿಮೀಟರ್ ಮಳೆ ಬಂದಷ್ಟು, ಮಧ್ಯಾಹ್ನದೊಳಗೆ ಆವಿ. ಅದರ ಬದಲು ವಾರಕ್ಕೆ 25 ಲೀಟರ್ ಅಂತ ಇಟ್ಕೊಂಡು ಎರಡು ಮೂರು ಸಲಕ್ಕೆ ಹಂಚಿ, ಬೆಳಗಿನ ಜಾವ ನಿಧಾನಕ್ಕೆ ಬುಡಕ್ಕೇ ಬಿಟ್ರೆ ನೀರು ಆಳಕ್ಕೆ ಹೋಗತ್ತೆ, ಬೇರೂ ಅದರ ಹಿಂದೆ ಹೋಗತ್ತೆ. ಮರಳು ಮಣ್ಣಾದ್ರೆ ಇನ್ನೊಂಚೂರು ಬೇಕಾಗತ್ತೆ ಅನ್ನಿ. ಮೇಲೆ ಮೂರಿಂಚು ತರಗೆಲೆ ಮುಚ್ಚಿ, ಕಾಂಡಕ್ಕೆ ತಾಗಿಸ್ಬೇಡಿ ಕೊಳೆಯತ್ತೆ. ಕಸ ಅಂತ ಗುಡಿಸಿ ಸುಡೋ ಎಲೆ ಇದು, ಸುಟ್ಟು ಆಮೇಲೆ ತೋಟ ಒಣಗ್ತು ಅಂತ ಗೋಳಾಡ್ತೀವಿ.

ಇನ್ನು ಬಾಡೋ ವಿಷಯ. ಸೋರೆ, ಹೀರೆ, ಸೌತೆ ಬಳ್ಳಿ ನೋಡಿ, ಮಧ್ಯಾಹ್ನ ಎರಡು ಗಂಟೆಗೆ ಎಲೆಗಳೆಲ್ಲ ಮಡಚಿದ ಕೊಡೆ ಥರ ಜೋತು ಬಿದ್ದಿರತ್ತೆ, ಬೇರು ಎಳೆಯೋದಕ್ಕಿಂತ ಬೇಗ ಎಲೆಯಿಂದ ನೀರು ಹೋಗ್ತಿರೋದ್ರಿಂದ ಮಣ್ಣಲ್ಲಿ ಸಾಕಷ್ಟು ಹಸಿ ಇದ್ರೂ ಹಾಗಾಗತ್ತೆ, ಬಿಸಿಲು ಇಳಿದ್ಮೇಲೆ ತಾನಾಗೇ ಎದ್ದು ನಿಲ್ಲತ್ತೆ. ಬೆಳಗ್ಗೆನೂ ಎದ್ದಿಲ್ಲ ಅಂದ್ರೆ ಆಗ ನಿಜವಾದ ಬಾಯಾರಿಕೆ. ಅನುಮಾನ ಇದ್ರೆ ಬೆರಳನ್ನ ಎರಡು ಗೆಣ್ಣು ಮಣ್ಣೊಳಗೆ ಇಳಿಸಿ ನೋಡಿ, ಅದಕ್ಕಿಂತ ಒಳ್ಳೆ ಮೀಟರ್ ನಾನಂತೂ ಕಂಡಿಲ್ಲ.

ಕುಂಡದ ಕಥೆ ಬೇರೆ, ಚಿಕ್ಕ ಕುಂಡಕ್ಕೆ ದಿನಾ ಬೇಕೇ ಬೇಕು. ಆದ್ರೆ ಕುಂಡದ ಮಣ್ಣು ಒಂದ್ಸಲ ಪೂರ್ತಿ ಒಣಗಿದ್ರೆ ನೀರು ಒಳಗೆ ಸರಿಯಾಗಿ ಹೋಗಲ್ಲ, ಅಂಚಲ್ಲೇ ಜಾರಿ ಕೆಳಗಿನ ತೂತಿಂದ ಬಂದ್ಬಿಡತ್ತೆ, ನಾವು ತುಂಬ್ತು ಅನ್ಕೋತೀವಿ. ಕುಂಡಾನ ಅರ್ಧ ಗಂಟೆ ನೀರಿನ ಟಬ್ಬಲ್ಲಿ ಕೂರಿಸಿದ್ರೆ ಸರಿ ಹೋಗತ್ತೆ.

ಟೊಮೆಟೊ ಹೂ ಉದುರ್ತಿದೆ ಅಂತ ಗೊಬ್ಬರ, ಟಾನಿಕ್ಕು ತಂದು ಸುರಿಯೋರಿಗೂ ಒಂದು ಮಾತು ಹೇಳ್ಬೇಕು. ಹಗಲು 35 ಡಿಗ್ರಿ ದಾಟಿ ರಾತ್ರೀನೂ ತಂಪಾಗ್ಲಿಲ್ಲ ಅಂದ್ರೆ ಪರಾಗವೇ ಕೆಡತ್ತೆ, ಕಾಯಿ ಎಲ್ಲಿಂದ ಕಚ್ಬೇಕು? ಮಧ್ಯಾಹ್ನ ಸ್ವಲ್ಪ ನೆರಳು ಮಾಡಿ ಕಾಯೋದೇ. ಕಾಯಿಯ ತಳ ಕಪ್ಪಾಗೋದೂ ಎಷ್ಟೋ ಸಲ ರೋಗ ಅಲ್ಲ, ಒಂದು ವಾರ ಒಣಗಿಸಿ ಒಂದು ವಾರ ಮುಳುಗಿಸಿದ್ರೆ ಕ್ಯಾಲ್ಸಿಯಂ ಕಾಯಿಗೆ ಸರಿಯಾಗಿ ತಲುಪಲ್ಲ. ಇಷ್ಟೆಲ್ಲ ರಗಳೆ ಬೇಡ ಅನ್ನೋರು ಬೆಂಡೆ, ಅಲಸಂದೆ, ಗೋರಿಕಾಯಿ, ಹರಿವೆ ಹಾಕಿ, ಇವು ಬಿಸಿಲಿಗೆ ಜಗ್ಗಲ್ಲ. ಕೊತ್ತಂಬರಿ ಮಾತ್ರ ನೆರಳಿಲ್ದಿದ್ರೆ ಎಲೆ ಬಿಡೋಕೆ ಮುಂಚೆನೇ ಹೂ ಬಿಟ್ಬಿಡತ್ತೆ.

ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ, ವಾಷಿಂಗ್ ಮಷಿನ್ನಿನ ಸೋಪಿನ ನೀರು ಬೇಡ, ಉಪ್ಪು ಕೂತು ಎಲೆ ಅಂಚು ಸುಟ್ಟ ಹಾಗಾಗತ್ತೆ.

ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಇಂಥ ಲೇಖನ ಹಾಕೋವಾಗ ದಿನಕ್ಕೆ ಎಷ್ಟು ಸಲ ಅನ್ನೋದರ ಬದಲು ಎಷ್ಟು ಆಳ ಅಂತ ಬರೆಸಿ, ಮತ್ತೆ ಅದನ್ನ ಬಿಸಿಲು ಏರೋಕೆ ಒಂದು ತಿಂಗಳು ಮುಂಚೆನೇ ಪ್ರಿಂಟ್ ಮಾಡಿ, ಬೇರು ಕೆಳಗೆ ಇಳಿಯೋಕೂ ಟೈಮ್ ಬೇಕಲ್ವಾ.

ಇಂತಿ,
ಕೈತೋಟದ ಓದುಗ