ಅವ್ವ, ಊಟದ ಚಿಂತೆ ಬಿಟ್ಟು ಬಾ

ಸಿಂಗಾಪುರದಿಂದ

ಅವ್ವನಿಗೆ ನಿನ್ನ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಆರಾಮ ಇದ್ದೇನೆ. ನೀನು, ಅಪ್ಪ, ಅಣ್ಣ, ವೈನಿ ಎಲ್ಲರೂ ಬರುತ್ತೀರಿ ಅಂತ ಕೇಳಿ ಭಾಳ ಖುಷಿಯಾಯಿತು. ಫೋನಿನಲ್ಲಿ ನೀನು ವಿಮಾನದ ಬಗ್ಗೆ ಕೇಳಲಿಲ್ಲ, ಥಂಡಿ ಬಿಸಿಲಿನ ಬಗ್ಗೆ ಕೇಳಲಿಲ್ಲ. "ಅಲ್ಲಿ ಬಂದು ನಾ ಏನ್ ತಿನ್ಲಿ?" ಅಂತ ಅಷ್ಟೇ ಕೇಳಿದೆ. ಇದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣನ ಕೈಯಲ್ಲಿ ಓದಿಸು, ಅವನಿಗೂ ಬೇಕಾದ ಮಾತುಗಳಿವೆ.

ಮೊದಲು ಒಂದು ವಿಷಯ. ಇಲ್ಲಿಯ ಜನ ಊಟಕ್ಕೆ ದೊಡ್ಡ ಹೋಟೆಲಿಗೆ ಹೋಗುವುದು ಕಡಿಮೆ. ಹಾಕರ್ ಸೆಂಟರ್ ಅಂತ ಇರುತ್ತದೆ. ದೊಡ್ಡ ಚಾವಣಿ, ಕೆಳಗೆ ಹತ್ತಾರು ಸಣ್ಣ ಅಂಗಡಿ, ನಡುವೆ ಮೇಜು ಕುರ್ಚಿ. ಸಂಜೆ ನಮ್ಮ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಗಾಡಿಯಲ್ಲಿ ಗಿರಮಿಟ್, ಮುಂದಿನದರಲ್ಲಿ ಮಿರ್ಚಿ ಭಜಿ, ಅದರಾಚೆ ಪಾವ್ ಭಾಜಿ ಇರುತ್ತದಲ್ಲ, ಇಲ್ಲೂ ಹಾಗೆಯೇ ಒಬ್ಬೊಬ್ಬರದು ಒಂದೊಂದು ಕೈಗುಣ. ಇಂಥವು ಊರಿನ ತುಂಬ ನೂರಕ್ಕೂ ಜಾಸ್ತಿ ಇವೆ. ನಮ್ಮ ಮನೆಯಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲೇ ಒಂದಿದೆ. ನಿನ್ನ ಮೊಣಕಾಲಿಗೆ ತ್ರಾಸ ಆಗುವುದಿಲ್ಲ.

ಇವರೆಲ್ಲ ಮೊದಲು ಬೀದಿಯಲ್ಲೇ ಮಾರುತ್ತಿದ್ದವರು. 1970ರ ದಶಕದ ಶುರುವಿನಿಂದ 1986ರವರೆಗೆ ಸರ್ಕಾರ ಒಬ್ಬೊಬ್ಬರನ್ನೇ ಬೀದಿಯಿಂದ ಎಬ್ಬಿಸಿತು. ಆದರೆ ಎಬ್ಬಿಸಿ ಸುಮ್ನೆ ಬಿಡಲಿಲ್ಲ. ನಲ್ಲಿ ನೀರು, ಗಟಾರು, ಕರೆಂಟು, ಕಡಿಮೆ ಬಾಡಿಗೆಗೆ ಒಂದು ಅಂಗಡಿ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಊಟದ ಪದ್ಧತಿಯನ್ನೇ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾರುವವರ ಕೆಲಸ, ಎಲ್ಲ ಜಾತಿ ಜನಾಂಗದವರು ಒಂದೇ ಮೇಜಿಗೆ ಕೂತು ಉಣ್ಣುವ ರೂಢಿ, ಎರಡನ್ನೂ ಸೇರಿಸಿಯೇ ಆ ಗೌರವ ಕೊಟ್ಟದ್ದು. ಕೆಲಸ ಮುಗಿಸಿ ಅಲ್ಲಿ ಹೋಗಿ ಕೂತಾಗ ನನಗೆ ಪ್ರತಿ ಸಲ ದುರ್ಗದಬೈಲ್ ನೆನಪಾಗುತ್ತದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಕೂರುವ ರೀತಿ ಹೀಗೆ. ಮೊದಲು ಜಾಗ ಹಿಡಿಯಬೇಕು. ಮೇಜಿನ ಮೇಲೆ ಒಂದು ಟಿಶ್ಯೂ ಪೇಪರಿನ ಪುಡಿಕೆ ಇಟ್ಟರೆ ಆ ಜಾಗ ನಮ್ಮದಾಯಿತು. ಯಾರೂ ಅದನ್ನು ಸರಿಸುವುದಿಲ್ಲ. ಬೇರೆಯವರ ಪುಡಿಕೆ ಕಂಡರೆ ನೀವೂ ಅಲ್ಲಿ ಕೂರಬೇಡಿ. ಮೇಜು ಖಾಲಿ ಇಲ್ಲದಿದ್ದರೆ ಗುರುತಿಲ್ಲದವರ ಎದುರಿಗೆ ಕೂರುವುದು ತಪ್ಪಲ್ಲ, ಕೇಳಿ ಕೂರುತ್ತಾರೆ. ಅಂಗಡಿಯವರನ್ನು ಎಲ್ಲರೂ ಅಂಕಲ್, ಆಂಟಿ ಅಂತಲೇ ಕರೆಯುತ್ತಾರೆ. ನೀನು ಸಂತೆಯಲ್ಲಿ ಕಾಕಾ, ಅಕ್ಕಾ ಅಂತ ಮಾತಿಗೆ ಶುರು ಮಾಡುತ್ತೀಯಲ್ಲ, ನಿನಗೆ ಇದು ಕಷ್ಟ ಆಗುವುದೇ ಇಲ್ಲ. ಉಂಡ ಮೇಲೆ ತಟ್ಟೆ, ಟ್ರೇ ನಾವೇ ಎತ್ತಿ ಅದರ ಜಾಗದಲ್ಲಿ ಇಡಬೇಕು. 2021ರಿಂದ ಇದು ಕಾನೂನು. ಮೊದಲು ಎಚ್ಚರಿಕೆ, ಆಮೇಲೆ ದಂಡ. ಅಪ್ಪನಿಗೆ ಇದನ್ನು ಈಗಲೇ ಹೇಳಿಡು.

ಯಾವ ಅಂಗಡಿ ಚಲೋ ಅಂತ ಗುರುತಿಸಲು ನನ್ನದೊಂದು ಲೆಕ್ಕ ಇದೆ. ಬೋರ್ಡಿನ ಮೇಲೆ ಮೂವತ್ತು ನಮೂನೆ ಫೋಟೊ ಇದ್ದರೆ ನಾನು ಮುಂದೆ ಹೋಗುತ್ತೇನೆ. ಎರಡು ಮೂರೇ ತಿಂಡಿ ಇರಬೇಕು. ಬೆಳಿಗ್ಗೆ ಹತ್ತರ ಸುಮಾರಿಗೆ ಆ ಓಣಿಯ ಮುದುಕರು, ಮುದುಕಿಯರು ಪಾಳಿ ಹಚ್ಚಿರಬೇಕು. ಅವರು ದಿನಾ ಬರುವವರು, ರೊಕ್ಕ ನೋಡಿ ಖರ್ಚು ಮಾಡುವವರು. ರುಚಿ ಕೆಟ್ಟರೆ ಮರುದಿನ ಬರುವುದಿಲ್ಲ. ಇಂಟರ್ನೆಟ್ಟಿನ ನಕ್ಷತ್ರಕ್ಕಿಂತ ನಾನು ಅವರನ್ನೇ ನಂಬುತ್ತೇನೆ. ನಮ್ಮಲ್ಲಿಯೂ ಯಾವ ಖಾನಾವಳಿಯಲ್ಲಿ ರೊಟ್ಟಿ ಬಿಸಿ ಬಿಸಿ ಬಡಿದು ಕೊಡುತ್ತಾರೆ ಅಂತ ತಿಳಿಯಬೇಕಾದರೆ ಹಳ್ಳಿಯಿಂದ ಕೋರ್ಟು ಕಚೇರಿ ಕೆಲಸಕ್ಕೆ ಬಂದವರು ಎಲ್ಲಿ ನುಗ್ಗುತ್ತಾರೆ ಅಂತ ನೋಡಿದರೆ ಸಾಕಲ್ವಾ?

ಈಗ ನಿನ್ನ ಊಟ. ಹೆಚ್ಚುಕಡಿಮೆ ಎಲ್ಲ ಹಾಕರ್ ಸೆಂಟರಿನಲ್ಲಿ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿ ಒಂದಾದರೂ ಇರುತ್ತದೆ. ಅವರಲ್ಲಿ ಬಹಳ ಮಂದಿ ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನೂ ಮುಟ್ಟುವುದಿಲ್ಲ. ಬೀ ಹೂನ್ ಅಂತ ಅಕ್ಕಿ ಶಾವಿಗೆ ಮಾಡುತ್ತಾರೆ. ಅದರ ಮೇಲೆ ನಮಗೆ ಬೇಕಾದ ಪಲ್ಯಗಳನ್ನು ತೋರಿಸಿ ಹಾಕಿಸಿಕೊಳ್ಳಬಹುದು. ಎಲೆಕೋಸು, ತೋಫು, ಬದನೆಕಾಯಿ, ಹಸಿರು ಸೊಪ್ಪು. ಮೂರು ನಾಲ್ಕು ಡಾಲರಿಗೆ ಹೊಟ್ಟೆ ತುಂಬುತ್ತದೆ. ಪ್ರತಿ ತುತ್ತನ್ನೂ ರೂಪಾಯಿಗೆ ಗುಣಿಸುತ್ತ ಕೂರಬೇಡ, ಹಸಿವೆಯೇ ಹೋಗುತ್ತದೆ. ಅಲ್ಲಿ ಮಾಂಸ, ಮೀನಿನಂತೆ ಕಾಣುವ ತುಂಡುಗಳನ್ನು ನೋಡಿ ಗಾಬರಿಯಾಗಬೇಡ. ಅವು ಸೋಯಾ ಮತ್ತು ಗೋಧಿಯ ಅಂಟಿನಿಂದ ಮಾಡಿದವು. ನಿನಗೆ ಮನಸ್ಸು ಒಪ್ಪದಿದ್ದರೆ ಪಲ್ಯ ಅಷ್ಟೇ ಹಾಕಿಸೋಣ. ಕೆಲವರು ಮೊಟ್ಟೆ ಬಳಸುತ್ತಾರೆ, ಅದನ್ನು ನಾನು ಕೇಳುತ್ತೇನೆ. ಚೀನೀ ತಿಂಗಳಿನ ಮೊದಲನೆಯ ದಿನ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು, ಇಲ್ಲಿ ಬಹಳ ಜನ ಸಸ್ಯಾಹಾರ ಮಾಡುತ್ತಾರೆ. ಅಂದು ಈ ಅಂಗಡಿಗಳ ಮುಂದೆ ಭಾರೀ ಗದ್ದಲ. ನೀನು ಅಮಾವಾಸ್ಯೆ ಹಿಡಿಯುವವಳು, ಆ ಪಾಳಿಯಲ್ಲಿ ನಿಂತ ಮುದುಕಿಯರನ್ನು ನೋಡಿದರೆ ನಿನಗೆ ಇದು ಪರಕೀಯರ ಊರು ಅನ್ನಿಸುವುದಿಲ್ಲ.

ಆದರೆ ಬೇರೆ ಅಂಗಡಿಗಳಲ್ಲಿ ಹುಷಾರಾಗಿರಬೇಕು. "ಮಾಂಸ ಬೇಡ" ಅಂದರೆ ಇಲ್ಲಿ ಸಾಲದು. ಸಂಬಾಲ್ ಅನ್ನುವ ಕೆಂಪು ಚಟ್ನಿ ಕಂಡು ನಿನಗೆ ನಮ್ಮ ಕೆಂಪು ಖಾರ ನೆನಪಾಗುತ್ತದೆ, ಅದರಲ್ಲಿ ಸಾಮಾನ್ಯವಾಗಿ ಸಿಗಡಿ ಅರೆದು ಹಾಕಿರುತ್ತಾರೆ. ಲಕ್ಸಾ ಅನ್ನುವ ತೆಂಗಿನ ಹಾಲಿನ ಸಾರಿನಲ್ಲೂ ಒಣ ಸಿಗಡಿ. ರೋಜಾಕ್ ಅಂತ ಹಣ್ಣು ಕಾಯಿ ಕಲಸಿ ಕೊಡುತ್ತಾರೆ, ಅದರ ಕಪ್ಪು ಗೊಜ್ಜಿನಲ್ಲೂ ಅದೇ. ಬ್ರೆಡ್ಡಿಗೆ ಸವರುವ ಕಾಯಾ ಅನ್ನುವ ಸಿಹಿಯಲ್ಲಿ ಮೊಟ್ಟೆ ಇರುತ್ತದೆ. ವೈನಿಗೆ ಇದನ್ನು ಬರೆದಿಟ್ಟುಕೊಳ್ಳಲು ಹೇಳು. ನಾನು ಆಫೀಸಿಗೆ ಹೋದಾಗ ನೀವೇ ಹೊರಗೆ ಹೋದರೆ ಬೇಕಾಗುತ್ತದೆ.

ಸಿಹಿಯಲ್ಲಿ ಮಾತ್ರ ನಿನಗೆ ಇಲ್ಲಿ ಹಬ್ಬ. ಪುಟು ಪಿರಿಂಗ್ ಅಂತ ಮಲಯರ ತಿಂಡಿ ಇದೆ. ಅಕ್ಕಿ ಹಿಟ್ಟಿನೊಳಗೆ ತಾಳೆ ಬೆಲ್ಲ ಇಟ್ಟು ಹಬೆಯಲ್ಲಿ ಬೇಯಿಸಿ, ಹಸಿ ಕೊಬ್ಬರಿ ತುರಿಯ ಜೊತೆ ಕೊಡುತ್ತಾರೆ. ಬಾಯಲ್ಲಿ ಇಟ್ಟರೆ ಬೆಲ್ಲ ಕರಗಿ ಬರುತ್ತದೆ. ಅದನ್ನು ಅಲ್ಲೇ ನಿಂತು ಬಿಸಿಯಾಗಿ ತಿನ್ನಬೇಕು, ಮನೆಗೆ ಕಟ್ಟಿಸಿಕೊಂಡು ಬಂದರೆ ಗಟ್ಟಿಯಾಗುತ್ತದೆ. ಗೋರೆಂಗ್ ಪಿಸಾಂಗ್ ಅಂದರೆ ಬಾಳೆಹಣ್ಣಿನ ಭಜಿ. ಅಪ್ಪನ ಹಲ್ಲಿಗೆ ಟೌ ಹುಯೆ ಹೇಳಿ ಮಾಡಿಸಿದ್ದು. ಸೋಯಾ ಹಾಲಿನಿಂದ ಮಾಡಿದ ಮೆತ್ತನೆಯ ತಿನಿಸು, ಅಗಿಯುವ ಕೆಲಸವೇ ಇಲ್ಲ. ಸಕ್ಕರೆ ಪಾಕ ಕಡಿಮೆ ಹಾಕಿಸೋಣ.

ಚಹಾ ಇಲ್ಲದೆ ನಿನ್ನ ದಿನ ಶುರುವಾಗುವುದಿಲ್ಲ ಅಂತ ಗೊತ್ತು. ಇಲ್ಲಿ ಚಹಾ ಅಂತ ಕೇಳಿದರೆ ಡಬ್ಬಿಯ ಗಟ್ಟಿ ಸಿಹಿ ಹಾಲು ಹಾಕಿ ಕೊಡುತ್ತಾರೆ. ಭಾಳ ಸಿಹಿ. ನಿನಗೆ ಅಲ್ಲ, ಅಂದರೆ ಹಸಿ ಶುಂಠಿ ಹಾಕಿದ ಚಹಾ ಬೇಕಾದರೆ "ತೆಹ್ ಹಾಲಿಯಾ" ಅಂತ ಕೇಳು. ತಮಿಳು ಮುಸ್ಲಿಮರ ಅಂಗಡಿಗಳಲ್ಲಿ ಚಲೋ ಸಿಗುತ್ತದೆ. ಅಪ್ಪನಿಗೆ "ತೆಹ್ ಸಿ ಕೊಸೊಂಗ್", ಅಂದರೆ ಸಕ್ಕರೆ ಇಲ್ಲದ ಹಾಲಿನ ಚಹಾ. ಕಾಫಿ ಬೀಜವನ್ನು ಇಲ್ಲಿ ಸಕ್ಕರೆ, ಬೆಣ್ಣೆ ಹಾಕಿ ಕಪ್ಪಗೆ ಹುರಿಯುತ್ತಾರೆ. ನನಗೆ ಅದು ಬಹಳ ಹಿಡಿಸಿದೆ. ನಿಮಗೆ ಮೊದಲ ಗುಟುಕಿಗೆ ಕಹಿ ಅನ್ನಿಸಬಹುದು.

ಇಲ್ಲಿ ನಮ್ಮ ಭಾರತದವರ ಅಂಗಡಿಗಳಿರುವ ಲಿಟ್ಲ್ ಇಂಡಿಯಾಗೆ ಹೋಗೋಣ, ಆದರೆ ದಿನಾ ಅಲ್ಲ. ಇದು ನನ್ನ ಹಟ ಅಂತಲೇ ತಿಳಿದುಕೊ. ಅಲ್ಲಿಯ ಸಸ್ಯಾಹಾರಿ ಹೋಟೆಲುಗಳಲ್ಲಿ ಆನಂದ ಭವನ 1924ರಿಂದ ಇದೆ, ಕೋಮಲ ವಿಲಾಸ 1947ರಿಂದ. ಬೆಂಗಳೂರಿನ ಎಂಟಿಆರ್ ಕೂಡ ಸೆರಂಗೂನ್ ರಸ್ತೆಯಲ್ಲಿ ಶಾಖೆ ತೆರೆದಿದೆ. ಮನೆ ನೆನಪು ಜಾಸ್ತಿಯಾದ ದಿನ ನಾನು ಅಲ್ಲಿ ಹೋಗಿ ರವೆ ಇಡ್ಲಿ ತಿಂದು ಬರುತ್ತೇನೆ. ಎಲ್ಲವೂ ಚಲೋನೇ. ಆದರೆ ಇಷ್ಟು ದೂರ ಬಂದು ಮೂರು ಹೊತ್ತು ಇಡ್ಲಿ ದೋಸೆ ತಿಂದು ಹೋದರೆ ಈ ಊರನ್ನು ನೋಡಿದ ಹಾಗಾಗುವುದಿಲ್ಲ, ಅವ್ವ. ಒಂದು ಮಧ್ಯಾಹ್ನ ಕೋಮಲ ವಿಲಾಸದಲ್ಲಿ ಬಾಳೆ ಎಲೆ ಊಟ ಮಾಡೋಣ. ಅದಕ್ಕೂ ಮೊದಲು ಟೆಕ್ಕಾ ಸೆಂಟರಿನ ಕಾಯಿಪಲ್ಯದ ಸಂತೆಗೆ ಕರೆದುಕೊಂಡು ಹೋಗುತ್ತೇನೆ. ಮೆಂತ್ಯ, ನುಗ್ಗೆ, ಸಣ್ಣ ಬದನೆ ಎಲ್ಲ ಕಾಣುತ್ತವೆ. ಭಾನುವಾರ ಬೇಡ. ಅಂದು ಕಟ್ಟಡ ಕೆಲಸದ ತಮಿಳರು, ಬಾಂಗ್ಲಾದವರು ರಜೆಗೆ ಅಲ್ಲಿ ಸೇರುತ್ತಾರೆ. ವಾರದಲ್ಲಿ ಅವರಿಗೆ ಸಿಗುವುದು ಅದೊಂದೇ ದಿನ, ಅಂದಿನ ಜಾಗ ಅವರದು.

ಜೋಳದ ರೊಟ್ಟಿಯ ಖಾನಾವಳಿ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಜೋಳದ ಹಿಟ್ಟು ಸಿಗುತ್ತದೆ, ಆದರೆ ಬಹಳ ದಿನ ಪ್ಯಾಕೆಟ್ಟಿನಲ್ಲಿದ್ದು ಜಿಗಿ ಹೋಗಿರುತ್ತದೆ. ಬಡಿಯಲು ಹೋದರೆ ಅಂಚು ಸೀಳುತ್ತದೆ.

ಅಣ್ಣ ಹೊರಗೆ ತಿನ್ನುತ್ತಾನೆ ಅನ್ನುವುದು ನಿನಗೂ ಗೊತ್ತಿರುವುದೇ. ಅವನಿಗೊಂದು ಮಾತು. ಅಣ್ಣ, ಇಲ್ಲಿಯ ಹೆಸರಾಂತ ಚಿಕನ್ ರೈಸ್ ತಿನ್ನುವಾಗ ಹುಬ್ಬಳ್ಳಿಯ ಸಾವಜಿ ಖಾನಾವಳಿಯ ಖಾರ ಹುಡುಕಬೇಡ. ಕೋಳಿಯನ್ನು ಸುಮ್ನೆ ಬೇಯಿಸಿರುತ್ತಾರೆ. ಅದರ ಜೀವ ಇರುವುದು ಅನ್ನದಲ್ಲಿ, ಕೋಳಿಯ ಸಾರಿನಲ್ಲೇ ಬೆಂದ ಅನ್ನ ಅದು. ಮೊದಲು ಅನ್ನವನ್ನು ಬರಿದೇ ತಿನ್ನು, ಆಮೇಲೆ ಖಾರದ ಚಟ್ನಿ ಮುಟ್ಟು. ಸಂಜೆ ಏಳರ ಮೇಲೆ ಲಾವ್ ಪಾ ಸಾತ್ ಅನ್ನುವ ಹಾಕರ್ ಸೆಂಟರಿನ ಪಕ್ಕದ ರಸ್ತೆಯಲ್ಲಿ ವಾಹನ ಓಡಾಟ ಬಂದ್ ಮಾಡಿ ಕೆಂಡದ ಮೇಲೆ ಸಾತೆ, ಅಂದರೆ ಕಡ್ಡಿಗೆ ಚುಚ್ಚಿದ ಮಾಂಸದ ತುಂಡು ಸುಡುತ್ತಾರೆ. ಅಲ್ಲಿಗೆ ನಾವಿಬ್ಬರೇ ಹೋಗೋಣ.

ದುರ್ಗದಬೈಲ್ ಬಗ್ಗೆ ಹೇಳುತ್ತೇನೆ ಅಂದಿದ್ದೆನಲ್ಲ. ಅವ್ವ, ನಮ್ಮ ಗಿರಮಿಟ್ ಇಲ್ಲಿಯ ಯಾವ ತಿಂಡಿಗೂ ಕಡಿಮೆ ಇಲ್ಲ. ಚುರಮರಿಗೆ ಹುಣಸೆ ಬೆಲ್ಲದ ಮಸಾಲೆ ಕಲಸಿ, ಪುಟಾಣಿ ಪುಡಿ ಉದುರಿಸಿ, ಉಳ್ಳಾಗಡ್ಡಿ ಹಾಕಿ ಕೈಗೆ ಕೊಟ್ಟ ಕೂಡಲೇ ತಿನ್ನಬೇಕು. ಮಾತಾಡುತ್ತ ನಿಂತರೆ ಮೆತ್ತಗಾಗುತ್ತದೆ. ಜೊತೆಗೆ ಎಣ್ಣೆಯಿಂದ ಆಗತಾನೇ ತೆಗೆದ ಮಿರ್ಚಿ. ಇಂಥ ಕೈಗುಣ ಇದ್ದವರು ಮಳೆ ಬಂದರೆ ಪ್ಲಾಸ್ಟಿಕ್ ಹೊದಿಸಿಕೊಂಡು ನಿಲ್ಲಬೇಕು. ಬಕೆಟ್ಟಿನ ನೀರಿನಲ್ಲೇ ತಟ್ಟೆ ತೊಳೆಯಬೇಕು. ಯಾವಾಗ ಎಬ್ಬಿಸುತ್ತಾರೋ ಅನ್ನುವ ಭಯ ಬೇರೆ. ಅವರನ್ನು ಅದೇ ಜಾಗದಲ್ಲಿ ಉಳಿಸಿ ಚಾವಣಿ, ನಲ್ಲಿ, ಗಟಾರು, ಕಸದ ವ್ಯವಸ್ಥೆ ಕೊಟ್ಟರೆ ಸಾಕು. ಅದಕ್ಕಿಂತ ಜಾಸ್ತಿ ಏನೂ ಬೇಡ. ಬಣ್ಣ ಬಣ್ಣದ ಫುಡ್ ಕೋರ್ಟ್ ಕಟ್ಟಿ ಬಾಡಿಗೆ ಏರಿಸಿದರೆ ಗಿರಮಿಟ್ಟಿನವರು ಉಳಿಯುವುದಿಲ್ಲ. ಭಜಿಗೆ ಪೇಪರ್ ಚೂರು ಕೊಡುವುದನ್ನೂ ಬಿಡಬೇಕು, ಅಚ್ಚಿನ ಮಸಿ ಎಣ್ಣೆಗೆ ಹತ್ತುತ್ತದೆ. ಎಲೆ ದೊನ್ನೆ ಸಾಕು.

ಸೌಲಭ್ಯ ಕೊಟ್ಟ ಈ ಊರಿನಲ್ಲೂ ಒಂದು ದುಃಖ ಇದೆ. ನನ್ನ ಬೀ ಹೂನ್ ಆಂಟಿಗೆ ವಯಸ್ಸಾಗಿದೆ. ನಸುಕಿನಲ್ಲೇ ಎದ್ದು ಒಲೆ ಹಚ್ಚುತ್ತಾಳೆ. ಮಕ್ಕಳು ಆಫೀಸು ಸೇರಿದ್ದಾರೆ. ಅವಳು ನಿಲ್ಲಿಸಿದರೆ ಆ ರುಚಿ ಯಾರು ಕಲಿತಿದ್ದಾರೆ ಅಂತ ಕೇಳಿದರೆ ಸುಮ್ನೆ ನಗುತ್ತಾಳೆ. ನೀನು ಬಂದಾಗ ಅವಳಿಗೆ ಪರಿಚಯ ಮಾಡಿಸಬೇಕು ಅಂತ ನನಗೆ ಭಾಳ ಆಸೆ.

ತರುವುದರ ಬಗ್ಗೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬ್ಯಾಡಗಿ ಮೆಣಸಿನಕಾಯಿ ಪುಡಿ, ಸವಣೂರಿನ ಖಾರಾ, ಇಷ್ಟು ಸಾಕು. ಧಾರವಾಡ ಪೇಢೆ ಲೈನ್ ಬಜಾರಿನಲ್ಲೇ ತೆಗೆದುಕೊಳ್ಳಿ, ಹೊರಡುವ ಹಿಂದಿನ ದಿನ. ಗಸಗಸೆ ಮಾತ್ರ ಒಂದು ಕಾಳೂ ಬೇಡ. ಇಲ್ಲಿ ಅದು ಮಾದಕ ವಸ್ತುಗಳ ಕಾನೂನಿನ ಕೆಳಗೆ ನಿಷಿದ್ಧ. ಕರದಂಟಿನ ಮೇಲೆ ಗಸಗಸೆ ಉದುರಿಸಿರುತ್ತಾರೆ, ಹಾಗಾಗಿ ಕರದಂಟೂ ಬೇಡ. ಮಸಾಲೆ ಪುಡಿ ಮನೆಯಲ್ಲಿ ಮಾಡಿದ್ದಾದರೆ ಅದರಲ್ಲಿ ಗಸಗಸೆ ಹಾಕಿದ್ದೀಯಾ ಅಂತ ನೆನಪು ಮಾಡಿಕೊ. ಗುಟ್ಕಾ, ಜಗಿಯುವ ತಂಬಾಕು, ಚ್ಯೂಯಿಂಗ್ ಗಮ್ ಕೂಡ ತರುವಂತಿಲ್ಲ. ಅಪ್ಪನ ಎಲೆ ಅಡಿಕೆ ಚೀಲದಲ್ಲಿ ತಂಬಾಕಿನ ಪುಡಿ ಉಳಿದಿರಬಾರದು, ವೈನಿ ಒಮ್ಮೆ ಝಾಡಿಸಿ ನೋಡಲಿ.

ಟಿಕೆಟ್ ಆದ ಕೂಡಲೇ ಅಣ್ಣ ತಾರೀಕು ಕಳಿಸಲಿ. ನೀವು ಇಳಿಯುವುದು ಬೆಳಿಗ್ಗೆಯಾದರೆ ಸೀದಾ ಹಾಕರ್ ಸೆಂಟರಿಗೇ ಹೋಗೋಣ. ರಾತ್ರಿಯಾದರೆ ಮನೆಯಲ್ಲಿ ಅನ್ನ, ಬೇಳೆ ಸಾರು ಮಾಡಿಟ್ಟಿರುತ್ತೇನೆ.

ನಿನ್ನ ಮಗಳು